ಎಲೆಯೊಳಗಿನ ಬಣ್ಣ, ಎಲೆಯ ಮೇಲಿನ ಬಣ್ಣ

ಎಲೆ ಹಸಿರು ಎಂಬುದು ಅರ್ಧ ಸತ್ಯ. ಉಳಿದರ್ಧವನ್ನು ಪಟ್ಟೆಪಟ್ಟೆಯಾಗಿ ಬಿಡಿಸಿ ತೋರಿಸಿದವನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ 'ತ್ಸ್ವೆತ್' ಎಂದರೆ ಬಣ್ಣವೆಂದೇ ಅರ್ಥ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಅದರ ಮೇಲೆ ಎಲೆಯ ರಸ ಸುರಿದ. ರಸ ಕೆಳಗಿಳಿದಂತೆ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಂತವು. 1903ರಲ್ಲಿ ವಾರ್ಸಾದಲ್ಲಿ ಈ ಕುರಿತು ಉಪನ್ಯಾಸ ಕೊಟ್ಟ. 1906ರಲ್ಲಿ ಈ ವಿಧಾನವನ್ನು 'ಕ್ರೊಮ್ಯಾಟೋಗ್ರಫಿ' ಎಂದು ಕರೆದ. ಗ್ರೀಕ್ ಮೂಲದಲ್ಲಿ ಅದು ಬಣ್ಣದ ಬರವಣಿಗೆ.

ಆ ಬರವಣಿಗೆಯನ್ನು ಓದುವವರು ಹೆಚ್ಚಿರಲಿಲ್ಲ. ಎಲೆಯ ವರ್ಣಕಗಳ ಅಧ್ಯಯನಕ್ಕೆ 1915ರ ನೊಬೆಲ್ ಪಡೆದ ವಿಲ್‌ಸ್ಟೇಟರ್ ಕೂಡ ಈ ವಿಧಾನವನ್ನು ನಂಬಲಿಲ್ಲ. ತ್ಸ್ವೆತ್ 1919ರಲ್ಲಿ ತೀರಿಕೊಂಡ. 1931ರಲ್ಲಿ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಅದನ್ನು ಮತ್ತೆ ಕೈಗೆತ್ತಿಕೊಂಡ ಮೇಲೆಯೇ ಜಗತ್ತು ಅದರ ಬೆಲೆ ಅರಿತದ್ದು. ಮುಂದೆ ಮಾರ್ಟಿನ್ ಮತ್ತು ಅವರ ಸಹೋದ್ಯೋಗಿಗಳು ಸೀಮೆಸುಣ್ಣದ ಕೊಳವೆಯ ಬದಲು ಕಾಗದವನ್ನು ಬಳಕೆಗೆ ತಂದರು. ಪ್ರಯೋಗ ಶಾಲೆಯ ಮೇಜಿಗೆ ಬಂತು.

ಸಂಡೂರಿನ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿರುವ ಗೆಳತಿ ಇದನ್ನು ಮಾಡಿಸುವಾಗ, ಇತಿಹಾಸದ ಸಂಶೋಧನೆ ಮಾಡುವ ನಾನೂ ಹೋಗಿದ್ದೆ. ವಿಜಯನಗರದ ಕಾಲುವೆ ನೀರುಂಡ ಹಂಪಿಯ ಬಾಳೆ, ಹೊಸಪೇಟೆಯ ಕಬ್ಬು, ಕಂಪ್ಲಿಯ ಭತ್ತದ ಎಲೆಗಳನ್ನು ಒಯ್ದಿದ್ದೆ. ಮಕ್ಕಳು ಅದಿರಿನ ಲಾರಿ ಓಡುವ ರಸ್ತೆಬದಿಯ ಬೇವಿನೆಲೆ ತಂದಿದ್ದರು. ಅದರ ಬಣ್ಣ ಹಸಿರಲ್ಲ, ಕೆಂಪು ಮಣ್ಣಿನದು.

ಎಲೆಗಳನ್ನು ತೊಳೆಯದೆಯೇ ಅಸಿಟೋನಿನಲ್ಲಿ ಅರೆದು, ಸೋಸುಕಾಗದದ ಪಟ್ಟಿಗಳ ಮೇಲೆ ಬೊಟ್ಟಿಟ್ಟೆವು. ಪೆಟ್ರೋಲಿಯಂ ಈಥರ್ ಬೆರೆತ ದ್ರವ ಮೇಲೇರಿದಂತೆ ತುದಿಯಲ್ಲಿ ಕಿತ್ತಳೆಹಳದಿ ಕ್ಯಾರೊಟಿನ್, ಅದರ ಕೆಳಗೆ ಹಳದಿ ಝಾಂಥೋಫಿಲ್, ಆಮೇಲೆ ಎರಡು ಬಗೆಯ ಪತ್ರಹರಿತ್ತು. ನಾಲ್ಕು ಊರಿನ ಎಲೆಗಳಲ್ಲೂ ಇದೇ ಸಾಲು. ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಹೀರಿ ಆಹಾರ ತಯಾರಿಗೆ ಒದಗಿಸುತ್ತದೆ. ಹಳದಿ ವರ್ಣಕಗಳು ಅದಕ್ಕೆ ನೆರವಾಗುತ್ತವೆ, ಅತಿ ಬಿಸಿಲಿನಿಂದ ಕಾಪಾಡುತ್ತವೆ. ಎಲೆ ಹಣ್ಣಾದಾಗ ಹಳದಿ ಹೊಸದಾಗಿ ಬರುವುದಿಲ್ಲ. ಹಸಿರು ಕರಗಿದಾಗ ಒಳಗಿದ್ದದ್ದು ಕಾಣುತ್ತದೆ.

ಬೇವಿನ ಪಟ್ಟಿಯಲ್ಲಿ ಮಾತ್ರ ಬೊಟ್ಟಿಟ್ಟಲ್ಲೇ ಕೆಂಪು ಕಲೆಯೊಂದು ಉಳಿಯಿತು. "ಟೀಚರ್, ಇದ್ಯಾಕೆ ಮೇಲೆ ಹೋಗವಲ್ದು?" ಎಂದಳು ಒಬ್ಬ ಹುಡುಗಿ. ಕಬ್ಬಿಣದ ಅದಿರಿನ ದೂಳು ಆ ದ್ರವದಲ್ಲಿ ಕರಗುವುದಿಲ್ಲ. ಅದು ಎಲೆಯದಲ್ಲ, ಎಲೆಯ ಮೇಲೆ ಬಿದ್ದದ್ದು. ಅದೇ ದೂಳು ಬೆಳಕನ್ನು ತಡೆಯುತ್ತದೆ, ಎಲೆ ಉಸಿರಾಡುವ ಪತ್ರರಂಧ್ರಗಳನ್ನು ಮುಚ್ಚುತ್ತದೆ.

ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. 2013ರಲ್ಲಿ ಷರತ್ತುಗಳೊಂದಿಗೆ ಮತ್ತೆ ಅವಕಾಶ ಕೊಟ್ಟಿತು. ಆ ಚರಿತ್ರೆಗೆ ತೀರ್ಪುಗಳು, ವರದಿಗಳು ದಾಖಲೆಯಾಗಿವೆ. ಬೆರಳಗಲದ ಈ ಕಾಗದದ ಪಟ್ಟಿಯನ್ನೂ ನಾನು ಅವುಗಳ ಜೊತೆಗೇ ಇಡುತ್ತೇನೆ.