ಜಾವಾ ಸಂಗ್ರಹಗಳಿಗೆ ಟೈಪ್ ಬಂದ ಬಗೆ

1998ರಲ್ಲಿ ಜಾವಾ ಭಾಷೆಯ 1.2ನೆಯ ಆವೃತ್ತಿಯೊಂದಿಗೆ ಬಂದ ಕಲೆಕ್ಷನ್ಸ್ ಚೌಕಟ್ಟಿನಲ್ಲಿ ‘ಲಿಸ್ಟ್’ ಎಂಬ ಸಂಗ್ರಹವು ತನ್ನೊಳಗಿನ ಎಲ್ಲವನ್ನೂ ಬರಿಯ ‘ಆಬ್ಜೆಕ್ಟ್’ ಎಂದೇ ಬಗೆಯುತ್ತಿದ್ದುದರಿಂದ, ಹೆಸರುಗಳ ಪಟ್ಟಿಯೊಳಗೆ ಸಂಖ್ಯೆಯೊಂದು ನುಸುಳಿದರೂ ಕಂಪೈಲರ್ ಸುಮ್ಮನಿರುತ್ತಿತ್ತು. ಪ್ರೋಗ್ರಾಂ ಓಡುವಾಗ ಅದನ್ನು ಹೆಸರೆಂದು ಹೊರತೆಗೆಯಹೋದ ಗಳಿಗೆಯಲ್ಲಷ್ಟೇ ದೋಷ ಬಯಲಾಗುತ್ತಿತ್ತು. ಅದೇ ವರ್ಷ ಬ್ರಾಚಾ, ಒಡರ್ಸ್ಕಿ, ಸ್ಟೌಟಮೈರ್ ಮತ್ತು ವಾಡ್ಲರ್ ರೂಪಿಸಿದ ‘ಜಿಜೆ’ ವಿಸ್ತರಣೆಯನ್ನು ಆಧರಿಸಿ 2004ರ ಜಾವಾ 5, ವೇರಿಯಬಲ್ ಘೋಷಿಸುವಾಗಲೇ ಒಳಗಿರುವ ವಸ್ತುವಿನ ಟೈಪನ್ನು ಕೋನಾವರಣದಲ್ಲಿ ನಮೂದಿಸುವ ಜೆನೆರಿಕ್ಸ್ ಪದ್ಧತಿಯನ್ನು ತಂದಿತು. ಹಳೆಯ ಕೋಡ್ ಕೆಡಬಾರದೆಂದು, ತಪಾಸಣೆ ಮುಗಿದೊಡನೆ ಕಂಪೈಲರ್ ಆ ನಮೂದನ್ನು ಅಳಿಸಿಹಾಕುತ್ತದೆ. ಟೈಪ್ ಇಲ್ಲದ ಘೋಷಣೆಗೆ ಇಂದಿಗೂ ಎಚ್ಚರಿಕೆ ಸಿಗುವುದೇ ಹೊರತು ತಡೆಯಿಲ್ಲ. ಇದು ಜಾಣ ರಾಜಿ, ಸೊಗಸಾದ ಪರಿಹಾರವಲ್ಲ. ‘ಲಿಸ್ಟ್<ಸ್ಟ್ರಿಂಗ್> ಹೆಸರುಗಳು = ನ್ಯೂ ಅರೇಲಿಸ್ಟ್<ಸ್ಟ್ರಿಂಗ್>()’ ಎಂದು ಟೈಪನ್ನು ಎರಡೆರಡು ಸಲ ಬರೆಯುವ ಕಿರಿಕಿರಿಯು, ಬಲಬದಿಯ ಆವರಣವನ್ನು ಖಾಲಿ ಬಿಡಲು ಆಸ್ಪದವಿತ್ತ 2011ರ ಜಾವಾ 7ರ ‘ಡೈಮಂಡ್’ ಚಿಹ್ನೆಯಿಂದ ತೀರಿತು.