‘ನೈದರ್–ನಾರ್’ ಮತ್ತು ಕ್ರಿಯಾಪದದ ವಚನ: ಕನ್ನಡದ ಕಡೆಯಿಂದ ಒಂದು ನೋಟ

ಇಂಗ್ಲಿಷಿನ ‘ನೈದರ್–ನಾರ್’ ಜೋಡಿಗೆ ಶಾಲಾ ವ್ಯಾಕರಣಗಳು ಹೇಳುವ ವಿಧಿ ಚಿಕ್ಕದು. ಎರಡೂ ಕರ್ತೃಗಳು ಏಕವಚನದಲ್ಲಿದ್ದರೆ ಕ್ರಿಯಾಪದ ಏಕವಚನ. ವಚನ ಬೇರೆಬೇರೆಯಾದರೆ ಕ್ರಿಯಾಪದಕ್ಕೆ ಹತ್ತಿರವಿರುವ ಕರ್ತೃವೇ ಗೆಲ್ಲುತ್ತದೆ. ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ದೇರ್’ ಎನ್ನಬೇಕು. ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ ಹಿಂದುಮುಂದು ಮಾಡಿದರೆ ‘ವರ್’ ಇದ್ದಲ್ಲಿ ‘ವಾಸ್’ ಬರಬೇಕು. ಎರಡನೆಯ ವಿಧಿ ನೆರೆಹೊರೆಯ ಲೆಕ್ಕ, ಅದರಲ್ಲಿ ಹೆಚ್ಚು ತಕರಾರಿಲ್ಲ. ನನ್ನ ತಕರಾರು ಮೊದಲನೆಯದರ ಬಗ್ಗೆ.

1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ‘ಇಂಗ್ಲಿಷ್ ಗ್ರಾಮರ್’ ಈ ವಿಧಿಗೆ ಒಂದು ಕಾರಣ ಕೊಡುತ್ತದೆ: ವಿಕಲ್ಪವನ್ನು ಸೂಚಿಸುವ ಅವ್ಯಯಗಳು ನಾಮಪದಗಳನ್ನು ಕೂಡಿಸುವುದಿಲ್ಲ, ಬಿಡಿಬಿಡಿಯಾಗಿ ಇಡುತ್ತವೆ; ಆದ್ದರಿಂದ ಏಕವಚನ. ‘ಆರ್’ ವಿಷಯದಲ್ಲಿ ಇದು ಸರಿ. ‘ನಾರ್’ ವಿಷಯದಲ್ಲಿ? ‘ರಾಮನೋ ಭೀಮನೋ ಬರುತ್ತಾನೆ’ ಎಂದಾಗ ಬರುವವನು ಒಬ್ಬನೆಂದೇ ಎಣಿಕೆ. ಇಬ್ಬರೂ ಬಾರದಿದ್ದಾಗ ನಿಷೇಧ ಒಬ್ಬನ ಮೇಲೆ ನಿಲ್ಲುವುದಿಲ್ಲ. ಇವನೂ ಇಲ್ಲ, ಅವನೂ ಇಲ್ಲ. ವಿಕಲ್ಪವನ್ನು ನಿಷೇಧಿಸಿದರೆ ಸಮುಚ್ಚಯ ಹುಟ್ಟುತ್ತದೆ ಎಂಬ ಈ ತರ್ಕನಿಯಮಕ್ಕೆ ಇಂದು ತರ್ಕಶಾಸ್ತ್ರಜ್ಞ ಆಗಸ್ಟಸ್ ಡಿ ಮಾರ್ಗನ್‌ರ ಹೆಸರಿದೆ. ‘ನಾರ್’ ರೂಪದಲ್ಲಿ ‘ಆರ್’ನ ನೆಂಟ, ಅರ್ಥದಲ್ಲಿ ‘ಅಂಡ್’ನ ನೆಂಟ. ಮರ್ರೆ ರೂಪವನ್ನು ನೋಡಿ ತೀರ್ಪು ಕೊಟ್ಟರು. ಮಾತನಾಡುವವರ ನಾಲಗೆ ಹಲವು ಸಲ ಅರ್ಥದ ಕಡೆಗೆ ಒಲಿದು ಬಹುವಚನವನ್ನು ಆಡುತ್ತದೆ. ಅಷ್ಟು ಔಪಚಾರಿಕವಲ್ಲದ ಇಂಗ್ಲಿಷಿನಲ್ಲಿ ಈ ಬಳಕೆ ಇದೆಯೆಂದು ಕ್ವಿರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ದಾಖಲಿಸಿದೆ. ಅದನ್ನು ಬರಿಯ ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕನ್ನಡದ ವಿದ್ಯಾರ್ಥಿ ಇಲ್ಲಿ ಎಡವುವುದಕ್ಕೆ ಇನ್ನೊಂದು ಕಾರಣವುಂಟು, ಅದನ್ನು ನಮ್ಮ ಪಾಠಪುಸ್ತಕಗಳು ಗಮನಿಸಬೇಕು. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ: ಇಂದಿನ ಕನ್ನಡದ ‘ಇಲ್ಲ’ ಲಿಂಗ, ವಚನ, ಪುರುಷ ಮೂರನ್ನೂ ಕಳಚಿಟ್ಟಿದೆ. ‘ಅಲ್ಲ’ವೂ ಹಾಗೆಯೇ. ‘ಬಂದಳು’, ‘ಬಂದರು’ ಎಂದು ನಿಷೇಧವಿಲ್ಲದೆಡೆ ಇಷ್ಟೊಂದು ಎಚ್ಚರವಾಗಿರುವ ಭಾಷೆ ನಿಷೇಧಕ್ಕೆ ಬಂದ ಕೂಡಲೇ ಆ ಹೊರೆಯನ್ನು ಇಳಿಸಿಬಿಡುತ್ತದೆ. ‘ರಾಮನಾಗಲಿ ಭೀಮನಾಗಲಿ ಬರಲಿಲ್ಲ’ ಎನ್ನುವಾಗ ವಚನದ ಪ್ರಶ್ನೆಯೇ ಏಳದು. ಇಂಗ್ಲಿಷಿನಲ್ಲೂ ‘ಕೇಮ್’, ‘ವಿಲ್’, ‘ಕ್ಯಾನ್’ ಇದ್ದಲ್ಲಿ ಅದು ಏಳುವುದಿಲ್ಲ. ‘ಈಸ್–ಆರ್’, ‘ವಾಸ್–ವರ್’, ‘ಹ್ಯಾಸ್–ಹ್ಯಾವ್’ ಮತ್ತು ವರ್ತಮಾನದ ‘ಎಸ್’ ಇರುವಷ್ಟು ಜಾಗದಲ್ಲೇ ಎಲ್ಲ ಗೊಂದಲ.

ಆದರೆ ಕನ್ನಡಕ್ಕೆ ನಿಷೇಧದಲ್ಲಿ ವಚನವೇ ಗೊತ್ತಿರಲಿಲ್ಲ ಎಂದಲ್ಲ. ಹಳೆಯ ನಿಷೇಧಾರ್ಥಕ ರೂಪಗಳಾದ ಬಾರೆನು, ಬಾರನು, ಬಾರರು ಕರ್ತೃವಿನ ಗುರುತನ್ನು ಹೊತ್ತೇ ನಡೆಯುತ್ತವೆ. ‘ಅರಿಯೆ’, ‘ಒಲ್ಲೆ’ ಇಂದಿಗೂ ಬದುಕಿವೆ. ಈ ರೂಪಗಳ ಮುಂದೆ ಜೋಡಿ ಕರ್ತೃವನ್ನಿಟ್ಟು ನೋಡೋಣ: ‘ಅವನಾಗಲಿ ನಾನಾಗಲಿ ಅದನ್ನು ಅರಿಯೆವು’. ‘ಅರಿಯೆ’ ಎಂದು ಹತ್ತಿರದ ‘ನಾನು’ವಿಗೆ ಮಾತ್ರ ಹೊಂದಿಸಿದರೆ ನನ್ನ ಕಿವಿಗೆ ವಾಕ್ಯ ಕುಂಟುತ್ತದೆ. ‘ಆಗಲಿ’ ಎಂಬುದು ರೂಪದಲ್ಲಿ ಒಬ್ಬೊಬ್ಬರನ್ನೇ ಬೇರೆಯಾಗಿ ಹಿಡಿಯುವ ಪದ. ಆದರೂ ಕ್ರಿಯಾಪದ ಇಬ್ಬರನ್ನೂ ಕೂಡಿಸಿ ಬಹುವಚನಕ್ಕೆ ಹೋಗುತ್ತದೆ, ಪುರುಷಗಳು ಬೆರೆತಲ್ಲಿ ಉತ್ತಮ ಪುರುಷವನ್ನು ಹಿಡಿಯುತ್ತದೆ. ‘ನೈದರ್ ಹೀ ನಾರ್ ಐ’ ಎಂದಾದ ಮೇಲೆ ‘ಆಮ್’ ಬರೆಯಲೇ, ‘ಈಸ್’ ಬರೆಯಲೇ, ‘ಆರ್’ ಬರೆಯಲೇ ಎಂದು ಇಂಗ್ಲಿಷ್ ಲೇಖಕ ತಡವರಿಸುವ ಜಾಗದಲ್ಲಿ ‘ಅರಿಯೆವು’ ತಡವರಿಸದೆ ನಿಂತಿದೆ.