ಹರದಾರಿಯಿಂದ ಹ್ಯಾಂಡಲ್‌ವರೆಗೆ: ನಮ್ಮ ದಾರಿಯನ್ನು ಅಳೆದವರು ಯಾರು?

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ದಾರಿ ಕೇಳಿದರೆ ಕಿಲೋಮೀಟರಿನ ಲೆಕ್ಕ ಸಿಗುವುದು ಕಡಿಮೆ. ‘ಇಲ್ಲೇ ಐತ್ರಿ, ಹಳ್ಳ ದಾಟಿದ್ರ ಊರು ಬಂತು’ ಎನ್ನುತ್ತಾರೆ. ಆ ‘ಇಲ್ಲೇ’ ಎಂಬುದು ಅರ್ಧ ಕಿಲೋಮೀಟರ್ ಇರಬಹುದು, ಐದೂ ಇರಬಹುದು. ದಿನಾ ನಡೆಯುವವರಿಗೆ ಅಷ್ಟು ಸಾಕು. ಆದರೆ ಶಾಲೆ ಎಲ್ಲಿ ತೆರೆಯಬೇಕು, ರಸ್ತೆಗೆ ಎಷ್ಟು ದುಡ್ಡು, ಬಸ್ಸಿಗೆ ಎಷ್ಟು ಟಿಕೆಟ್ ಎಂಬುದೆಲ್ಲ ಅಂಕಿಯ ಮೇಲೆ ನಿಂತಿದೆ. ಆ ಅಂಕಿಯನ್ನು ಬರೆಯುವವರು ಬೇರೆ ಯಾರೋ.

ಈಗ ಸೈಕಲ್ ಹ್ಯಾಂಡಲ್ಲಿಗೆ ಸಿಕ್ಕಿಸುವ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಜಿಪಿಎಸ್ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಇದನ್ನು ಶೋಕಿಯ ಸಾಮಾನು ಎಂದು ತಳ್ಳಿಹಾಕುವ ಮುಂಚೆ ನಮ್ಮ ಸೀಮೆಯ ಅಳತೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅಳತೆಗೋಲು ಯಾರ ಕೈಯಲ್ಲಿತ್ತೋ ಮಾತು ಅವರದೇ ನಡೆದಿದೆ.

ಕೂಗಳತೆ, ಹರದಾರಿ, ಗಾವುದ

ಹಳೆಯ ಕನ್ನಡದ ದೂರದ ಅಳತೆಗಳು ಮನುಷ್ಯನ ಮೈಯಿಂದ ಹುಟ್ಟಿದವು. ಗೇಣು, ಮೊಳ, ಮಾರು ಕೈಯಿಂದ ಬಂದರೆ, ಕೂಗಳತೆ ಗಂಟಲಿನಿಂದ ಬಂತು. ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳುವಷ್ಟು ದೂರವೇ ಕೂಗಳತೆ. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಗಾವುದ ಅದಕ್ಕಿಂತ ಬಹಳ ದೊಡ್ಡದು, ಊರಿಂದೂರಿಗೆ ಬದಲಾಗುವಂಥದ್ದು. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೊರಟವರಿಗೆ ಲೆಕ್ಕಕ್ಕೆ ಬರುತ್ತಿದ್ದದ್ದು ಎತ್ತಿಗೆ ನೀರು ಎಲ್ಲಿ ಸಿಗುತ್ತದೆ, ರಾತ್ರಿ ವಸ್ತಿ ಎಲ್ಲಿ ಎಂಬುದು.

ಹೊಲದ ಅಳತೆ ಹಾಗಿರಲಿಲ್ಲ, ಅದಕ್ಕೆ ಮೊದಲಿನಿಂದಲೂ ಬಿಗಿ ಇತ್ತು. ಸವದತ್ತಿ ಆಗ ಸುಗಂಧವರ್ತಿ, ರಟ್ಟರ ರಾಜಧಾನಿ. ಅವರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರಿನ ಲೆಕ್ಕದಲ್ಲಿ ಬರೆದಿದ್ದಾರೆ. ಆ ಕಾಲದ ಕರ್ನಾಟಕದಲ್ಲಿ ಅಳೆಯುವ ಕೋಲು ಎಲ್ಲ ಕಡೆ ಒಂದೇ ಉದ್ದದ್ದಲ್ಲ. ಹಾಗಾಗಿ ಯಾವ ಕೋಲಿನಿಂದ ಅಳೆದದ್ದು ಎಂದು ಹೇಳಬೇಕಾಗುತ್ತಿತ್ತು. ದಾರಿಗೆ ಅಂದಾಜು ಸಾಕಾಗಿತ್ತು, ತೆರಿಗೆಗೆ ಸಾಕಾಗಿರಲಿಲ್ಲ.

ಗಾಲಿ ಮತ್ತು ಸರಪಳಿ

ದಾರಿಗೂ ಖಚಿತ ಅಂಕಿ ಬೇಕಾದದ್ದು ಸೈನ್ಯ ಬಂದಾಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಉದ್ದದ ಗೆರೆಯೊಂದನ್ನು ಅಳೆದ. ಎರಡು ವರ್ಷದ ನಂತರ, 1802ರಲ್ಲಿ, ಮದರಾಸಿನಿಂದ ಶುರುವಾದ ಅವನ ಕೆಲಸವೇ ಮುಂದೆ ಇಡೀ ದೇಶದ ತ್ರಿಕೋನ ಸರ್ವೆ ಆಯಿತು.

ಕಂಪನಿಯ ಸರ್ವೆಯವರು ರಸ್ತೆ ಅಳೆಯಲು ಬಳಸುತ್ತಿದ್ದ ಸಾಧನ ಪೆರಂಬುಲೇಟರ್. ಹಿಡಿಕೆ ಇರುವ ಒಂದು ದೊಡ್ಡ ಗಾಲಿ ಅದು. ಆಳೊಬ್ಬ ಅದನ್ನು ತಳ್ಳಿಕೊಂಡು ನಡೆಯಬೇಕು, ಗಾಲಿ ಎಷ್ಟು ಸುತ್ತು ತಿರುಗಿತೆಂದು ಮುಳ್ಳು ತೋರಿಸುತ್ತದೆ. ಸುತ್ತಿನ ಸಂಖ್ಯೆಯನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ದೂರ ಸಿಕ್ಕಿತು. ಈ ಗುಣಾಕಾರವನ್ನು ನೆನಪಿಡಿ, ಸೈಕಲ್ ಮೀಟರ್‌ಗೂ ಇದೇ ಬೇಕು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿ ಸೀಮೆ ಕಂಪನಿಯ ಕೈಗೆ ಹೋಯಿತು. ಮುಂದಿನದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದರ ಮರುವರ್ಷ ಸಂಗೊಳ್ಳಿ ರಾಯಣ್ಣ ಮತ್ತು ಅವನ ಕಡೆಯವರು ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟರು. ರಾಯಣ್ಣನ ಹೊಲಕ್ಕೇ ಕಂಪನಿ ಕೈ ಹಾಕಿತ್ತು. ದಫ್ತರದಲ್ಲಿ ಬರೆದ ಅಂಕಿ ಹೊಲದಲ್ಲಿ ದುಡಿದವನ ಮಾತಿಗಿಂತ ದೊಡ್ಡದಾದಾಗ ಸಿಟ್ಟು ದಫ್ತರದ ಮೇಲೆ ತಿರುಗಿದ್ದು ಸಹಜ.

1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಈ ಸೀಮೆಯ ಕಂದಾಯ ಸರ್ವೆ ನಡೆಯಿತು. ಮುಂಬೈ ಸರ್ವೆಯ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇವತ್ತಿಗೂ ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂದು ಬರುವುದರ ಹಿಂದೆ ಆ ಸರಪಳಿ ಇದೆ.

ಸೈಕಲ್ ಬಂತು, ಮೀಟರ್ ಬರಲಿಲ್ಲ

ಪೆರಂಬುಲೇಟರಿನ ಲೆಕ್ಕವನ್ನು ಸೈಕಲ್ಲಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಕರ್ಟಿಸ್ ವೀಡರ್. 1895ರಲ್ಲಿ ಪೇಟೆಂಟ್ ಪಡೆದ ಅವನ ಸೈಕ್ಲೋಮೀಟರ್ ಬಹಳ ಸರಳ. ಗಾಲಿಯ ಕಡ್ಡಿಗೆ ಕಟ್ಟಿದ ಮೊಳೆ ಪ್ರತಿ ಸುತ್ತಿಗೂ ಒಂದು ಹಲ್ಲಿನ ಚಕ್ರವನ್ನು ತಟ್ಟುತ್ತದೆ, ಅಂಕಿ ಮುಂದೆ ಸರಿಯುತ್ತದೆ. ಸವಾರ ತನ್ನ ದೂರವನ್ನು ತಾನೇ ಓದಬಹುದು.

ನಮ್ಮ ಹಳ್ಳಿಗೆ ಬಂದ ಕರಿ ಸೈಕಲ್ಲಿಗೆ ಡೈನಮೊ ಇತ್ತು, ಕ್ಯಾರಿಯರ್ ಇತ್ತು, ಗಂಟೆ ಇತ್ತು. ಮೀಟರ್ ಇರಲಿಲ್ಲ. ಹಾಲಿನ ಕ್ಯಾನು, ಜೋಳದ ಚೀಲ, ಹಿಂದೆ ಹೆಂಡತಿ, ಮುಂದೆ ಮಗು ಎಲ್ಲವನ್ನೂ ಹೊತ್ತ ಸೈಕಲ್ ಎಷ್ಟು ದೂರ ಓಡಿತೆಂದು ಯಾರೂ ಬರೆದಿಡಲಿಲ್ಲ. ಬಾಡಿಗೆ ಸೈಕಲ್ ಅಂಗಡಿಯವನು ಲೆಕ್ಕ ಹಾಕುತ್ತಿದ್ದದ್ದೂ ತಾಸಿನ ಮೇಲೆಯೇ. ದೂರ ತೋರಿಸುವ ಕೆಲಸ ರಸ್ತೆ ಬದಿಯ ಕಲ್ಲಿನದು. 1956ರ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಬಂದು ಆ ಕಲ್ಲಿನ ಮೇಲೆ ಕಿಲೋಮೀಟರ್ ಕೂತಿತು. ನಾವು ಮಾತ್ರ ಈಗಲೂ ‘ಮೈಲಿಗಲ್ಲು’ ಎಂದೇ ಅನ್ನುತ್ತೇವೆ.

ಆಕಾಶದ ಗಡಿಯಾರ

1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಸೈಕಲ್ ಮೀಟರ್ ಬಂತು. ಕಡ್ಡಿಗೆ ಅಯಸ್ಕಾಂತ, ಫೋರ್ಕಿಗೆ ಸೆನ್ಸರ್, ನಡುವೆ ವೈರು. ಆಮೇಲೆ ವೈರು ಹೋಗಿ ರೇಡಿಯೊ ಸಂಕೇತ ಬಂತು. ಆದರೂ ಲೆಕ್ಕ ಗಾಲಿಯ ಸುತ್ತಿನದೇ.

ಜಿಪಿಎಸ್ ಈ ಲೆಕ್ಕವನ್ನೇ ಬದಲಿಸಿತು. ಅಮೆರಿಕದ ಸೈನ್ಯಕ್ಕೆಂದು 1978ರಿಂದ ಹಾರಿಸಿದ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯವನ್ನು ಸಾರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ಕೈಯಲ್ಲಿನ ಉಪಕರಣ ತಾನಿರುವ ಜಾಗ ಕಂಡುಕೊಳ್ಳುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬೀಳುತ್ತದೆ. ನಾಗರಿಕರಿಗೆ ಸಿಗುವ ಸಂಕೇತವನ್ನು ಅಮೆರಿಕ 2000ದ ಮೇ ತಿಂಗಳವರೆಗೆ ಬೇಕೆಂದೇ ಮಸುಕು ಮಾಡಿತ್ತು. ಆ ಮಸುಕು ತೆಗೆದ ಮೇಲೆ ಸೈಕಲ್ ಜಿಪಿಎಸ್‌ಗೆ ಅರ್ಥ ಬಂತು. 2005ರಲ್ಲಿ ಗಾರ್ಮಿನ್ ಕಂಪನಿಯ ಎಡ್ಜ್ ಮೀಟರ್‌ಗಳು ಹ್ಯಾಂಡಲ್ ಏರಿದವು.

ಭಾರತದ್ದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದನ್ನು ನಡೆಸುವ ಕೇಂದ್ರಗಳು ಹಾಸನದಲ್ಲೂ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೂ ಇವೆ. ಲ್ಯಾಂಬ್ಟನ್ ಸರಪಳಿ ಹಾಸಿದ ನಾಡಿನಿಂದಲೇ ಈಗ ಉಪಗ್ರಹಗಳಿಗೆ ಆಜ್ಞೆ ಹೋಗುತ್ತದೆ.

ಕೊಳ್ಳುವವರಿಗೆ ನಾಲ್ಕು ಮಾತು

ಅಂಗಡಿಯಲ್ಲಿ ‘ವೈರ್‌ಲೆಸ್’ ಎಂದು ಮಾರುವುದರಲ್ಲಿ ಎರಡು ಬಗೆ ಇದೆ. ಒಂದು, ಗಾಲಿಯ ಸುತ್ತು ಎಣಿಸುವ ಅಗ್ಗದ ಮೀಟರ್. ಇದು ದೂರ, ವೇಗ ತೋರಿಸುತ್ತದೆ, ಯಾವ ದಾರಿಯಲ್ಲಿ ಹೋದಿರಿ ಎಂದು ತೋರಿಸುವುದಿಲ್ಲ. ಇನ್ನೊಂದು ಜಿಪಿಎಸ್ ಇರುವುದು. ಡಬ್ಬದ ಮೇಲೆ ಜಿಪಿಎಸ್ ಎಂದು ಬರೆದಿದೆಯೇ ನೋಡಿ. ಜೊತೆಗೆ ಗ್ಲೋನಾಸ್, ಗೆಲಿಲಿಯೊ, ಬೈದು ಇದ್ದರೆ ಮರದ ನೆರಳಲ್ಲೂ ಜಾಗ ಬೇಗ ಸಿಗುತ್ತದೆ. ಬಣ್ಣದ ಪರದೆಗಿಂತ ಬಿಸಿಲಲ್ಲಿ ಓದಲು ಬರುವ ಕಪ್ಪುಬಿಳುಪು ಪರದೆ ಮೇಲು. ಬ್ಯಾಟರಿ ಒಂದು ದಿನದ ಸವಾರಿಗೆ ಸಾಕಾಗಬೇಕು, ಮಳೆ ತಡೆಯಬೇಕು, ಸವಾರಿಯ ದಾಖಲೆಯನ್ನು ಫೈಲ್ ಆಗಿ ಹೊರತೆಗೆಯಲು ಬರಬೇಕು. ಈ ಕೊನೆಯದಕ್ಕೆ ರಾಜಿಯಾಗಬೇಡಿ.

ಫೋನ್ ಸಾಲದೇ ಎಂದು ಕೇಳಬಹುದು. ಒಂದೆರಡು ಬಾರಿಗೆ ಸಾಕು. ದಿನಾ ಬಿಸಿಲಿನಲ್ಲಿ, ಎರೆಮಣ್ಣಿನ ರಸ್ತೆಯ ಕುಲುಕಾಟದಲ್ಲಿ, ಪರದೆ ಹಚ್ಚಿಟ್ಟು ಓಡಿಸಿದರೆ ಫೋನಿನ ಚಾರ್ಜೂ ಉಳಿಯುವುದಿಲ್ಲ, ಫೋನೂ ಬಾಳುವುದಿಲ್ಲ.

ಹೊರಡುವ ಮುಂಚೆ ಬಯಲಲ್ಲಿ ಒಂದೆರಡು ನಿಮಿಷ ನಿಂತು ಉಪಗ್ರಹ ಸಿಕ್ಕ ಮೇಲೆಯೇ ಪೆಡಲ್ ತುಳಿಯಿರಿ. ಇಲ್ಲದಿದ್ದರೆ ಮೊದಲ ಅರ್ಧ ಕಿಲೋಮೀಟರ್ ಲೆಕ್ಕಕ್ಕೆ ಸೇರದೆ ಹೋಗಬಹುದು. ಚಹಾ ಕುಡಿಯಲು ನಿಂತಾಗ ಜಾಗ ಅತ್ತಿತ್ತ ಅಲುಗಿದಂತೆ ತೋರಿಸಿ ದೂರ ಬೆಳೆಯುತ್ತದೆ, ಹಾಗಾಗಿ ‘ಆಟೊ ಪಾಸ್’ ಹಾಕಿಡಿ. ಬಿಂದುಗಳನ್ನು ಜೋಡಿಸಿ ದೂರ ಲೆಕ್ಕ ಹಾಕುವುದರಿಂದ ತಿರುವುಗಳನ್ನು ಜಿಪಿಎಸ್ ಸ್ವಲ್ಪ ಕತ್ತರಿಸುತ್ತದೆ. ಗಾಲಿಗೆ ಸೆನ್ಸರ್ ಜೋಡಿಸಿದರೆ ಇದು ಸರಿಯಾಗುತ್ತದೆ. ಆದರೆ ಗಾಲಿಯ ಸುತ್ತಳತೆ ಸರಿಯಾಗಿ ತುಂಬಬೇಕು. ಕರಿ ಸೈಕಲ್ಲಿನದು ಸುಮಾರು 2.2 ಮೀಟರ್, ಅಂದರೆ ಕಿಲೋಮೀಟರಿಗೆ 450 ಸುತ್ತು. ಹೆದ್ದಾರಿಯ ಕಲ್ಲುಗಳ ನಡುವೆ ಓಡಿಸಿ ತಾಳೆ ನೋಡಿ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಈ ಅಂಕಿ ಯಾರಿಗೆ ಬೇಕು?

ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆ ಇದೆ, ಅಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದದ್ದು ಹಳೆಯ ಸುದ್ದಿ. ರಜೆಗೆ ಊರಿಗೆ ಬಂದ ಹುಡುಗಿಯ ಹತ್ತಿರ ಕೋಚ್ ಇರುವುದಿಲ್ಲ, ಅಳೆದಿಟ್ಟ ಟ್ರ್ಯಾಕ್ ಇರುವುದಿಲ್ಲ. ಹ್ಯಾಂಡಲ್ ಮೇಲೆ ಮೀಟರ್ ಇದ್ದರೆ ಊರ ರಸ್ತೆಯೇ ಟ್ರ್ಯಾಕ್ ಆಗುತ್ತದೆ. ನಿನ್ನೆಗಿಂತ ಇವತ್ತು ಎಷ್ಟು ಸೆಕೆಂಡ್ ಉಳಿಯಿತೆಂದು ಯಾರನ್ನೂ ಕೇಳಬೇಕಿಲ್ಲ.

ಇನ್ನೊಂದು ಉಪಯೋಗ ನಮ್ಮಂಥ ವರದಿಗಾರರಿಗೆ. ಶಿಕ್ಷಣ ಹಕ್ಕು ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟರವರಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ನಕ್ಷೆಯ ಮೇಲೆ ಹದ್ದು ಹಾರಿದಂತೆ ಗೆರೆ ಎಳೆದರೆ ತೋಟದ ಮನೆಯಿಂದ ಶಾಲೆ ಹತ್ತಿರವೇ ಕಾಣಬಹುದು. ಮಗು ನಡೆಯುವುದು ಹಳ್ಳ ಸುತ್ತಿ, ಬದುವಿನ ಮೇಲೆ, ಮಳೆಗಾಲದಲ್ಲಿ ಇನ್ನೂ ಸುತ್ತಿ. ಆ ದಾರಿಯಲ್ಲೇ ಸೈಕಲ್ ತಳ್ಳಿಕೊಂಡು ಹೋಗಿ ಬಂದರೆ ತಾರೀಕು, ಸಮಯ, ಜಾಡು ಎಲ್ಲ ಇರುವ ದಾಖಲೆ ಸಿಗುತ್ತದೆ. ‘ದೂರ ಆಗತೈತ್ರಿ’ ಎಂಬ ಅರ್ಜಿಗೂ, ಜಾಡಿನ ನಕ್ಷೆ ಲಗತ್ತಿಸಿದ ಅರ್ಜಿಗೂ ವ್ಯತ್ಯಾಸವಿದೆ. ಇದು ಸರ್ಕಾರಿ ಸರ್ವೆ ಅಲ್ಲ, ಕಾನೂನಿನ ಕೊನೆಯ ಮಾತೂ ಅಲ್ಲ. ಆದರೆ ಕಚೇರಿಯವರು ಬಂದು ಮತ್ತೊಮ್ಮೆ ಅಳೆಯಿರಿ ಎಂದು ಕೇಳಲು ಅಷ್ಟು ಸಾಕು.

ಪೆರಂಬುಲೇಟರ್ ತಳ್ಳಿದ ಆಳಿನ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಗಾಲಿ ಅವನು ತಳ್ಳಿದ, ಅಂಕಿ ಸಾಹೇಬನ ಪುಸ್ತಕಕ್ಕೆ ಹೋಯಿತು. ಈಗ ಗಾಲಿ ತುಳಿಯುವವರ ಕಣ್ಣೆದುರಿಗೇ ಅಂಕಿ ಇದೆ. ಅದನ್ನು ಬರೆದಿಟ್ಟುಕೊಳ್ಳಿ.